ಕಣ್ಣಿಗೆ ಬರೆದ ಮಾತು, ಕಿವಿಗೆ ಬರೆದ ಮಾತು

ರೇಮಂಡ್ ಚಾಂಡ್ಲರ್ ಅವರ ಮೊದಲ ಪತ್ತೇದಾರಿ ಕಥೆ 1933ರ ಡಿಸೆಂಬರಿನಲ್ಲಿ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಯಲ್ಲಿ ಅಚ್ಚಾದಾಗ ಅವರಿಗೆ 45 ವರ್ಷ. ಲಾಸ್ ಏಂಜಲೀಸ್‌ನ ಎಣ್ಣೆ ಕಂಪನಿಯೊಂದರಲ್ಲಿದ್ದ ದೊಡ್ಡ ಹುದ್ದೆ ಅದರ ಹಿಂದಿನ ವರ್ಷವೇ ಕೈತಪ್ಪಿತ್ತು. ಹತ್ತು ವರ್ಷಗಳ ಬಳಿಕ, 1943ರಲ್ಲಿ, ಪ್ಯಾರಮೌಂಟ್ ಸಂಸ್ಥೆ ಅವರನ್ನು ನಿರ್ದೇಶಕ ಬಿಲ್ಲಿ ವೈಲ್ಡರ್ ಜೊತೆ ಚಿತ್ರಕಥೆ ಬರೆಯಲು ಕರೆಸಿಕೊಂಡಿತು.

ಆ ಚಿತ್ರಕಥೆಗೆ ಮೂಲವಾದ ‘ಡಬಲ್ ಇಂಡೆಮ್ನಿಟಿ’ ಜೇಮ್ಸ್ ಎಂ. ಕೇನ್ ಅವರ ಕಾದಂಬರಿ. ಅದರ ಸಂಭಾಷಣೆಗಳನ್ನು ಹಾಗೆಯೇ ತೆರೆಗೆ ತರಬಹುದೆಂದು ವೈಲ್ಡರ್ ನಂಬಿದ್ದರು. ಆ ಮಾತುಗಳು ಕಣ್ಣಿಗಾಗಿ ಬರೆದವು, ಕಿವಿಗೆ ಒಗ್ಗುವುದಿಲ್ಲ ಎಂಬುದು ಚಾಂಡ್ಲರ್ ವಾದ. ನಟರಿಂದ ಗಟ್ಟಿಯಾಗಿ ಓದಿಸಿ ನೋಡಿದಾಗ, ಪುಟದ ಮೇಲೆ ಚುರುಕಾಗಿದ್ದ ಸಾಲುಗಳು ಬಾಯಲ್ಲಿ ಸಪ್ಪೆಯಾದವು. ಸಿನಿಮಾದ ಅನುಭವವೇ ಇಲ್ಲದ ಕಾದಂಬರಿಕಾರನೊಬ್ಬ ಈ ವ್ಯತ್ಯಾಸವನ್ನು ಮೊದಲು ಗುರುತಿಸಿದ್ದು ನನಗೆ ಇಂದಿಗೂ ಅಚ್ಚರಿಯ ಸಂಗತಿ. ವೈಲ್ಡರ್ ಜೊತೆಗಿನ ಕೆಲಸ ತಮ್ಮ ಆಯಸ್ಸನ್ನೇ ಕಡಿಮೆ ಮಾಡಿರಬೇಕೆಂದು ನೊಂದುಕೊಂಡ ಚಾಂಡ್ಲರ್, ಚಿತ್ರಕಥೆಯ ಬಗ್ಗೆ ತಾವು ಕಲಿತದ್ದೆಲ್ಲ ಅಲ್ಲಿಯೇ ಎಂದೂ ಒಪ್ಪಿಕೊಂಡರು. 1944ರ ಆ ಚಿತ್ರಕ್ಕೆ ಏಳು ಆಸ್ಕರ್ ನಾಮನಿರ್ದೇಶನಗಳು ಬಂದವು. ಚಿತ್ರಕಥೆಯದೂ ಅವುಗಳಲ್ಲಿ ಒಂದು. (ಕಚೇರಿಯ ಹೊರಗಿನ ಕುರ್ಚಿಯಲ್ಲಿ ಓದುತ್ತ ಕುಳಿತು ಒಂದು ಕ್ಷಣ ಕಾಣಿಸುವ ವ್ಯಕ್ತಿ ಸ್ವತಃ ಚಾಂಡ್ಲರ್.)

ಮಾತಿನ ವಾದದಲ್ಲಿ ಗೆದ್ದ ಅವರು ಕಥೆಯ ವಿಷಯದಲ್ಲಿ ಸೋತರು. 1946ರ ‘ದಿ ಬ್ಲೂ ಡಾಲಿಯಾ’ ಅವರು ನೇರವಾಗಿ ತೆರೆಗಾಗಿಯೇ ಹೆಣೆದ ಕಥೆ. ನಾಯಕ ಅಲನ್ ಲ್ಯಾಡ್ ಸೈನ್ಯಕ್ಕೆ ಹೊರಡುವ ದಿನ ಹತ್ತಿರವಾಗಿದ್ದುದರಿಂದ ಬರವಣಿಗೆ ಮುಗಿಯುವ ಮೊದಲೇ ಚಿತ್ರೀಕರಣ ಆರಂಭವಾಗಿತ್ತು. ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದು ಹಿಂದಿರುಗಿದ ನೌಕಾಪಡೆಯವನೊಬ್ಬ ತನಗೇ ಅರಿವಿಲ್ಲದೆ ಗೆಳೆಯನ ಹೆಂಡತಿಯನ್ನು ಕೊಂದಿರುತ್ತಾನೆ ಎಂಬುದು ಚಾಂಡ್ಲರ್ ಕಲ್ಪನೆ. ತಮ್ಮ ಸೈನಿಕ ಕೊಲೆಗಾರನಾಗುವುದನ್ನು ನೌಕಾಪಡೆ ಒಪ್ಪಲಿಲ್ಲ. ಅಪರಾಧವನ್ನು ಬೇರೊಂದು ಪಾತ್ರದ ತಲೆಗೆ ಕಟ್ಟಬೇಕಾಯಿತು. ಚಿತ್ರ ನೋಡುವಾಗ ಆ ಹೊಲಿಗೆ ಎದ್ದು ಕಾಣುತ್ತದೆ: ಆ ಗಾಯಾಳುವಿನ ಮರೆವು, ಸಿಟ್ಟು, ತಲೆನೋವು ಎಲ್ಲವೂ ಒಂದು ದುರಂತದ ಕಡೆಗೆ ಸಾಗುತ್ತ ಸಾಗುತ್ತ ಹಠಾತ್ತನೆ ನಿಂತುಬಿಡುತ್ತವೆ. ಹಾಗಿದ್ದರೂ ಆ ಬರವಣಿಗೆಗೂ ಆಸ್ಕರ್ ನಾಮನಿರ್ದೇಶನ ದೊರೆಯಿತು.

ಹಿಚ್‌ಕಾಕ್ ಅವರ 1951ರ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ ಚಿತ್ರಕ್ಕೆ ಚಿತ್ರಕಥೆ ಬರೆಯುವ ಕೆಲಸವೂ ಮನಸ್ತಾಪದಲ್ಲಿಯೇ ಮುಗಿಯಿತು. ಎರಡು ವರ್ಷಗಳ ಬಳಿಕ ‘ದಿ ಲಾಂಗ್ ಗುಡ್‌ಬೈ’ ಕಾದಂಬರಿ ಬಂದಿತು. ಯುದ್ಧದ ಗಾಯವನ್ನು ಮುಖದ ಮೇಲೆ ಹೊತ್ತ ಟೆರಿ ಲೆನಾಕ್ಸ್, ಹೆಂಡತಿಯ ಕೊಲೆಯ ಆರೋಪಕ್ಕೆ ಗುರಿಯಾಗಿ, ಅದರ ಆರಂಭದಲ್ಲಿಯೇ ಚಾಂಡ್ಲರ್ ಕಥೆಗಳ ಪತ್ತೇದಾರ ಮಾರ್ಲೋನ ಬಾಗಿಲಿಗೆ ಬರುತ್ತಾನೆ. ತೆರೆಯ ಮೇಲೆ ಅರ್ಧಕ್ಕೆ ನಿಂತ ಮನುಷ್ಯನೇ ಇಲ್ಲಿ ಮತ್ತೆ ಬಂದನೆಂದು ನಾನು ಓದಿಕೊಂಡಿದ್ದೇನೆ. ಈ ಸಲ ಅವನ ಕಥೆಯನ್ನು ತಿದ್ದಲು ಬೇರೆ ಯಾರೂ ಇರಲಿಲ್ಲ.