ಮುಲುಂಡಿನ ಮನೆಯಲ್ಲಿ ನೂರೈವತ್ತು ಲೀಟರ್ ಉಪ್ಪುನೀರು: ಮೊದಲ ಆರು ತಿಂಗಳು

2025, ಜನವರಿ 12

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ನಿನ್ನೆ ಸಂಜೆ ಮನೆ ಸೇರಿತು. ಒಂಬತ್ತು ವರ್ಷಗಳಿಂದ ಸಿಹಿನೀರಿನ ಮೀನುಗಳನ್ನು ಸಾಕುತ್ತಿದ್ದೇನೆ. ಆದರೆ ಮುಂಬಯಿಯ ಮರೀನ್ ಡ್ರೈವಿನ ತಾರಾಪೊರೆವಾಲಾ ಮತ್ಸ್ಯಾಲಯದಲ್ಲಿ ಚಿಕ್ಕಂದಿನಲ್ಲಿ ಕಂಡ ಸಮುದ್ರದ ಮೀನುಗಳ ಬಣ್ಣ ಮನಸ್ಸಿನಿಂದ ಹೋಗಿರಲಿಲ್ಲ. 1951ರಷ್ಟು ಹಿಂದೆಯೇ ಈ ನಗರದಲ್ಲಿ ಅಂಥದೊಂದು ಮನೆ ಎದ್ದು ನಿಂತಿತ್ತೆಂದರೆ, ಇಂದಿನ ಸಾಧನಗಳನ್ನಿಟ್ಟುಕೊಂಡು ಒಂದು ತೊಟ್ಟಿಯನ್ನಾದರೂ ಸರಿಯಾಗಿ ನಡೆಸಬಹುದು ಎಂಬ ಧೈರ್ಯದಿಂದ ಈ ಕೆಲಸಕ್ಕೆ ಕೈಹಾಕಿದ್ದೇನೆ.

ಮೊದಲು ಎದುರಾದದ್ದು ತೂಕದ ಪ್ರಶ್ನೆ. ಹತ್ತು ಮಿಲಿಮೀಟರ್ ದಪ್ಪದ ಗಾಜೇ ಸುಮಾರು 40 ಕಿಲೋ ಆಗುತ್ತದೆ. ಕಲ್ಲು ಮತ್ತು ಮರಳಿನ ಜಾಗ ಕಳೆದು ಉಳಿಯುವ 150 ಲೀಟರ್ ಉಪ್ಪುನೀರು 154 ಕಿಲೋ ತೂಗುತ್ತದೆ. ಕಬ್ಬಿಣದ ಸ್ಟ್ಯಾಂಡ್, ಕಲ್ಲು, ಮರಳು ಎಲ್ಲ ಸೇರಿದರೆ ಒಟ್ಟು 250 ಕಿಲೋ. ವಾಸದ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಭಾರ ಹೊರುವಂತೆ ಲೆಕ್ಕಹಾಕಿ ಕಟ್ಟುತ್ತಾರೆ. ಈ ತೊಟ್ಟಿಯಾದರೋ ಅರ್ಧ ಚದರ ಮೀಟರಿಗಿಂತಲೂ ಕಡಿಮೆ ಜಾಗದಲ್ಲಿ ನಿಲ್ಲುತ್ತದೆ. ಆದ್ದರಿಂದ ನಮ್ಮ ಸೊಸೈಟಿಯ ದುರಸ್ತಿ ಕೆಲಸ ನೋಡಿಕೊಳ್ಳುವ ಇಂಜಿನಿಯರರನ್ನು ಕರೆದು ತೋರಿಸಿದೆ. ಹಾಲಿನ ನಡುವೆ ಬೇಡ, ತೊಲೆ ಹಾದುಹೋಗಿರುವ ಗೋಡೆಗೆ ಒತ್ತಿ ಉದ್ದುದ್ದಕ್ಕೆ ಇಡಿ ಎಂದು ಅವರು ಗೆರೆ ಎಳೆದು ಕೊಟ್ಟರು. ಸೋಫಾ ಕಿಟಕಿಯ ಬಳಿಗೆ ಸರಿಯಿತು.

ಜನವರಿ 26

ಕಲ್ಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ವಿದೇಶದ ಹವ್ಯಾಸಿಗಳು ಬರೆದದ್ದನ್ನು ಓದಿದರೆ, ಸಮುದ್ರದಿಂದ ತೆಗೆದ, ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ನೆಲೆಸಿರುವ ಜೀವಂತ ಕಲ್ಲು ಇಲ್ಲದೆ ಕೆಲಸವೇ ಸಾಗದು ಎನ್ನಿಸುತ್ತದೆ. ನಮ್ಮ ದೇಶದಲ್ಲಿ ಆ ದಾರಿ ಹಿಡಿಯುವಂತಿಲ್ಲ, ಹಿಡಿಯಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಗಟ್ಟಿ ಹವಳಗಳನ್ನೂ ಸಮುದ್ರ ಬೀಸಣಿಗೆಗಳನ್ನೂ ಕಡಲಕುದುರೆಯನ್ನೂ 2001ರಲ್ಲೇ ಸೇರಿಸಲಾಗಿದೆ. ಹವಳದ ದಿಬ್ಬದಿಂದ ಒಡೆದು ತಂದ ಕಲ್ಲೆಂದರೆ ಹುಲಿಯ ಚರ್ಮವಿದ್ದಂತೆಯೇ. ಕೆಲವರು ಅದನ್ನು ಗುಟ್ಟಾಗಿ ಕೊಡಿಸುತ್ತೇವೆ ಎನ್ನುತ್ತಾರೆ. ಮೀನಿನ ಮೇಲೆ ಪ್ರೀತಿಯಿರುವವರು ಅಲ್ಲಿಂದ ಎದ್ದು ಬರುವುದೇ ಸರಿ ಎಂದು ನಾನು ನಂಬಿದ್ದೇನೆ.

ನಾನು ತಂದದ್ದು ಕುಲುಮೆಯಲ್ಲಿ ಸುಟ್ಟು ತಯಾರಿಸಿದ, ಒಳಗೆಲ್ಲ ತೂತುಗಳಿರುವ ಒಣ ಕಲ್ಲು, 18 ಕಿಲೋ. ಬೇಕಾಗಿರುವುದು ಬ್ಯಾಕ್ಟೀರಿಯಾಗಳು ನೆಲೆಸಲು ಮೇಲ್ಮೈ ಮಾತ್ರ. ಅದು ಸುಟ್ಟ ಮಣ್ಣಿನಲ್ಲಿಯೂ ಸಿಗುತ್ತದೆ, ತುಸು ತಡವಾಗಿ ಅಷ್ಟೆ. ಕಲ್ಲುಗಳನ್ನು ತೊಟ್ಟಿಯ ತಳದಲ್ಲಿ ಹಾಸಿದ ಪ್ಲಾಸ್ಟಿಕ್ ಜಾಲರಿಯ ಮೇಲೆ ನೇರವಾಗಿ ಕೂರಿಸಿ, ಅಲ್ಲಾಡದಂತೆ ನೋಡಿಕೊಂಡು, ಆಮೇಲೆ ಸುತ್ತ ಅರಾಗೊನೈಟ್ ಎಂಬ ಸುಣ್ಣದ ಅಂಶದ ಮರಳನ್ನು ಸುರಿದೆ. ಮರಳಿನ ಮೇಲೆ ಕಲ್ಲಿಟ್ಟರೆ, ಮೀನು ಒಂದು ಕಡೆ ಕೆದಕಿದೊಡನೆ ಇಡೀ ಗುಡ್ಡ ಗಾಜಿನ ಮೇಲೆ ಬೀಳಬಹುದು.

ಫೆಬ್ರವರಿ 9

ಅಪ್ಪ ಹೊನ್ನಾವರದಿಂದ ಬಂದಿದ್ದಾರೆ. ನಾನು ಪ್ಲಾಸ್ಟಿಕ್ ಡ್ರಮ್ಮಿಗೆ ಉಪ್ಪು ಸುರಿಯುವುದನ್ನು ಬಹಳ ಹೊತ್ತು ನೋಡಿ, "ತಮಾ, ಸಮುದ್ರದ ಊರಲ್ಲಿ ಇದ್ದುಕೊಂಡು ಸಮುದ್ರದ ನೀರನ್ನು ದುಡ್ಡು ಕೊಟ್ಟು ಮಾಡ್ತೀಯಾ?" ಎಂದು ಕೇಳಿದರು. "ಅಪ್ಪಾ, ಮಳೆಗಾಲದಲ್ಲಿ ನಮ್ಮೂರ ಅಳಿವೆಯ ನೀರು ಹೇಗಿರುತ್ತದೆ ನೀವೇ ಹೇಳಿ" ಎಂದೆ. ಶರಾವತಿ ಕೆಂಪಾಗಿ ಇಳಿಯುವಾಗ ಅಳಿವೆಯ ನೀರು ಸಪ್ಪೆಯಾಗುತ್ತದೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಂಬಯಿಯ ದಡದಲ್ಲಿ ಸಪ್ಪೆಯಾಗುವುದರ ಜೊತೆಗೆ ಮೀಠಿ ನದಿ ಮಾಹಿಮಿಗೆ ಹೊತ್ತು ತರುವ ಕೊಳಚೆಯೂ ಸೇರಿರುತ್ತದೆ. ಈ ತೀರದ ನೀರಿನಿಂದ ತೊಟ್ಟಿ ತುಂಬಿಸುವ ಯೋಚನೆಯನ್ನು ನಾನು ಮಾಡಲೇ ಇಲ್ಲ.

ನಮ್ಮ ನಲ್ಲಿಯ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 78 ಇದೆ. ಅಡುಗೆಮನೆಯ ಆರ್‌ಒ ಯಂತ್ರ ಅದನ್ನು 9ಕ್ಕೆ ಇಳಿಸುತ್ತದೆ. ಅದರ ಮುಂದೆ, ಉಳಿದ ಲವಣಗಳನ್ನೂ ಹಿಡಿದಿಟ್ಟುಕೊಳ್ಳುವ ಡಿಐ ರೆಸಿನ್ ತುಂಬಿದ ಕೊಳವೆಯನ್ನು ಜೋಡಿಸಿದ ಮೇಲೆ ಮೀಟರ್ ಸೊನ್ನೆ ತೋರಿಸಿತು. 150 ಲೀಟರ್ ಕೂಡಿಸಲು ನಾಲ್ಕು ಸಂಜೆಗಳು ಹಿಡಿದವು. ಉಪ್ಪು ಅಡುಗೆಯದ್ದಲ್ಲ, ಅಕ್ವೇರಿಯಂಗೆಂದೇ ತಯಾರಿಸಿದ ಮಿಶ್ರಣ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲವೂ ಸಮುದ್ರದ ಪ್ರಮಾಣದಲ್ಲಿರುತ್ತವೆ. ನೀರಿಗೆ ಉಪ್ಪು ಸುರಿಯಬೇಕೇ ಹೊರತು ಉಪ್ಪಿಗೆ ನೀರು ಸುರಿಯಬಾರದು. ಹಾಗೆ ಮಾಡಿದರೆ ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒಂದಕ್ಕೊಂದು ಹಿಡಿದುಕೊಂಡು ಸುಣ್ಣದಂತೆ ತಳಕ್ಕೆ ಇಳಿಯುತ್ತವೆ, ಮತ್ತೆ ಕರಗುವುದಿಲ್ಲ.

ಫೆಬ್ರವರಿ 13

ಒಂದು ತಪ್ಪು ಸಿಕ್ಕಿತು. ಲೀಟರಿಗೆ 37 ಗ್ರಾಮಿಗಿಂತ ತುಸು ಹೆಚ್ಚು ಎಂದು ಲೆಕ್ಕಹಾಕಿದರೆ 150 ಲೀಟರಿಗೆ 5.6 ಕಿಲೋ ಉಪ್ಪು ಬೇಕು. ಆದರೆ 5 ಕಿಲೋ ಹಾಕುವಷ್ಟರಲ್ಲೇ ಬೆಳಕು ಬಾಗುವುದನ್ನು ನೋಡಿ ಲವಣಾಂಶ ಅಳೆಯುವ ನನ್ನ ರಿಫ್ರಾಕ್ಟೋಮೀಟರ್ 35 (ಸಾವಿರ ಪಾಲಿಗೆ 35 ಪಾಲು ಉಪ್ಪು, ಸಮುದ್ರದ ನೀರಿನಷ್ಟೇ) ತೋರಿಸಿತ್ತು. ಉಪ್ಪು ಒಳ್ಳೆಯದಿದೆ ಎಂದುಕೊಂಡು ಎರಡು ದಿನ ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.

ಈ ಉಪಕರಣಗಳನ್ನು ಶುದ್ಧ ನೀರಿನ ಹನಿ ಹಾಕಿ ಸೊನ್ನೆಗೆ ಹೊಂದಿಸುವುದು ವಾಡಿಕೆ, ನಾನೂ ಹಾಗೆಯೇ ಮಾಡಿದ್ದೆ. ಸೊನ್ನೆಯಲ್ಲಿ ಸರಿಯಿದ್ದದ್ದು 35ರಲ್ಲಿಯೂ ಸರಿಯಿರಬೇಕೆಂದೇನಿಲ್ಲ. ಅಗ್ಗದ ಉಪಕರಣಗಳಲ್ಲಿ ಹಲವು ಬರಿಯ ಸೋಡಿಯಂ ಕ್ಲೋರೈಡಿನ ಅಳತೆಗೆ ಗೆರೆ ಹಾಕಿದವು, ಸಮುದ್ರದ ನೀರಿಗಲ್ಲ. ಪರೀಕ್ಷಿಸಲು ಸುಲಭವಾದ ದಾರಿಯೊಂದಿದೆ: 96.35 ಗ್ರಾಂ ಶುದ್ಧ ನೀರಿನಲ್ಲಿ 3.65 ಗ್ರಾಂ ಅಯೋಡಿನ್ ಇಲ್ಲದ ಶುದ್ಧ ಉಪ್ಪನ್ನು ಕರಗಿಸಿದರೆ, ಆ ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣ 35ರ ಸಮುದ್ರದ ನೀರಿಗೆ ಸಮವಾಗುತ್ತದೆ. ಕೆಳಗಿನ ಮಹಡಿಯಲ್ಲಿರುವ ಅಕ್ಕಸಾಲಿಗರ ಮನೆಯಿಂದ ಚಿನ್ನ ತೂಗುವ ತಕ್ಕಡಿಯನ್ನು ಬೇಡಿ ತಂದು, ಸ್ಟೀಲ್ ಲೋಟದಲ್ಲಿ ದ್ರಾವಣ ಮಾಡಿ, ಎರಡು ಹನಿಗಳನ್ನು ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ ಕಿಟಕಿಯತ್ತ ಹಿಡಿದು ನೋಡಿದೆ. ನೀಲಿ ಮತ್ತು ಬಿಳಿಯ ಗಡಿ ನಿಂತದ್ದು 39ರ ಮೇಲೆ. ಅಂದರೆ ಡ್ರಮ್ಮಿನ ನೀರು ನಿಜವಾಗಿ 31ರ ಆಸುಪಾಸಿನಲ್ಲಿತ್ತು. ಚಿಕ್ಕ ತಿರುಪನ್ನು ತಿರುಗಿಸಿ ಗಡಿಯನ್ನು 35ಕ್ಕೆ ತಂದು, ಉಳಿದ 600 ಗ್ರಾಂ ಉಪ್ಪನ್ನು ಹಾಕಿದೆ. ಲೆಕ್ಕ ಮತ್ತು ಉಪಕರಣ ಈಗ ಒಂದೇ ಮಾತನ್ನು ಹೇಳುತ್ತಿವೆ.

ಫೆಬ್ರವರಿ 16

ನೀರು ತೊಟ್ಟಿಗೆ ಇಳಿದಿದೆ, ಪಂಪುಗಳು ತಿರುಗುತ್ತಿವೆ. ಇಂದಿನಿಂದ ಸೈಕಲ್ ಆರಂಭ: ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ಕಡಿಮೆ ಬಾಧಕವಾದ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳನ್ನು, ಮೀನು ಬರುವ ಮುನ್ನವೇ ಅಮೋನಿಯಾ ಉಣಿಸಿ ಬೆಳೆಸುವುದು. ಮನೆಯಲ್ಲಿ ಕೊಳೆತ ಸಿಗಡಿಯ ವಾಸನೆ ಬೇಡವೆಂದು ಅಮೋನಿಯಂ ಕ್ಲೋರೈಡ್ ಆರಿಸಿಕೊಂಡೆ. ಕಲಾಯಿ ಹಾಕುವವರ ನವಸಾಗರವೆಂದರೆ ಇದೇ. ಆದರೆ ನನಗೆ ಪ್ರಯೋಗಾಲಯದ ಶುದ್ಧತೆಯ ಪುಡಿ ಬೇಕಾಗಿತ್ತು, ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಸಿಕ್ಕಿತು. 150 ಲೀಟರಿನಲ್ಲಿ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಎರಡು ಪಾಲು) ಆಗಲು ಒಂದು ಗ್ರಾಮಿಗಿಂತ ಸ್ವಲ್ಪ ಕಡಿಮೆ ಪುಡಿ ಸಾಕು. ಬಾಟಲಿಯ ಬ್ಯಾಕ್ಟೀರಿಯಾವನ್ನೂ ಸೇರಿಸಿದ್ದೇನೆ.

ಸಿಹಿನೀರಿನವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕಾದ ಕಾರಣವೊಂದಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಆಗಿರುವಾಗ ಅಷ್ಟು ಬಾಧಕವಲ್ಲ, ಅಮೋನಿಯಾ ಆಗಿರುವಾಗ ಮೀನಿನ ಕಿವಿರುಗಳನ್ನೇ ಸುಡುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನನ್ನ ಹಳೆಯ ಸಿಹಿನೀರಿನ ತೊಟ್ಟಿ 7.2ರಲ್ಲಿತ್ತು, ಇದು 8.2ರಲ್ಲಿದೆ. ಅಲ್ಲಿ ಮೀನು ತಡೆದುಕೊಂಡದ್ದನ್ನು ಇಲ್ಲಿ ತಡೆದುಕೊಳ್ಳಲಾರದು.

ಮಾರ್ಚ್ 2

ಅಮೋನಿಯಾ 1ಕ್ಕೆ ಇಳಿದಿದೆ, ನೈಟ್ರೈಟ್ ಕಾಣಿಸಿಕೊಂಡಿದೆ. ಪರೀಕ್ಷೆಯ ಕೊಳವೆಯನ್ನು ಬಿಳಿ ಕಾಗದದ ಮುಂದೆ ಹಿಡಿದು, ಹಳದಿಯೋ ಹಸಿರೋ ಎಂದು ನಿರ್ಧರಿಸಲಾಗದೆ ಹೆಂಡತಿಯನ್ನು ಕರೆದೆ. "ಹೆಸರುಬೇಳೆ ಬೇಯಿಸಿದ ನೀರಿನ ಬಣ್ಣ" ಎಂದಳು. ಅದಕ್ಕಿಂತ ನಿಖರವಾದ ವರ್ಣನೆ ಪರೀಕ್ಷೆಯ ಜೊತೆ ಬಂದ ಕಾರ್ಡಿನಲ್ಲಿಯೂ ಇಲ್ಲ.

ಮಾರ್ಚ್ 28

ಹದಿಮೂರನೆಯ ತಾರೀಕಿನಿಂದ ಅಮೋನಿಯಾ ಹಾಕಿದ 24 ಗಂಟೆಗಳಲ್ಲಿ ಸೊನ್ನೆಯಾಗುತ್ತಿದೆ. ನೈಟ್ರೈಟ್ ಮಾತ್ರ ಎರಡು ವಾರ ಕಾಯಿಸಿ ನಿನ್ನೆ ಸೊನ್ನೆಗೆ ಬಂದಿತು. ನೈಟ್ರೈಟ್ ಇರುವಷ್ಟು ದಿನ ನೈಟ್ರೇಟ್ ಪರೀಕ್ಷೆಯನ್ನು ನಂಬುವಂತಿಲ್ಲ, ಅದು ನೈಟ್ರೈಟನ್ನೂ ಸೇರಿಸಿ ಓದುತ್ತದೆ. ಆದ್ದರಿಂದ ಇಂದಿನ 40 ಎಂಬುದೇ ಮೊದಲ ನಿಜವಾದ ಅಳತೆ. ಅರ್ಧ ನೀರು ಬದಲಿಸಿದೆ. ಮರಳಿನ ಮೇಲೆ ಕಂದು ಬಣ್ಣದ ಡಯಾಟಮ್ ಪಾಚಿಯ ಪದರ ಹರಡಿದೆ, ಹೊಸ ತೊಟ್ಟಿಯಲ್ಲಿ ಇದು ಬಂದು ಹೋಗುವಂಥದ್ದು. ನೀರಿನ ಕೊಳೆಯನ್ನು ನೊರೆಯ ಜೊತೆ ಎತ್ತಿ ತೆಗೆಯುವ ಪ್ರೋಟೀನ್ ಸ್ಕಿಮ್ಮರಿನ ಬಟ್ಟಲಿನಲ್ಲಿ ಇನ್ನೂ ಬರಿಯ ತಿಳಿ ನೊರೆ.

ಏಪ್ರಿಲ್ 6

ಎರಡು ಕ್ಲೌನ್ ಮೀನುಗಳು ಬಂದಿವೆ, ಒಂದು ಹೆಬ್ಬೆರಳಿನ ಉದ್ದ, ಇನ್ನೊಂದು ಅದಕ್ಕಿಂತ ಚಿಕ್ಕದು. ಎರಡೂ ಮರಿ ಮಾಡಿಸುವ ಕೇಂದ್ರದಲ್ಲಿ ಹುಟ್ಟಿದವು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಜಾತಿಗಳನ್ನು ತೊಟ್ಟಿಯಲ್ಲಿಯೇ ಬೆಳೆಸುವ ಕ್ರಮವನ್ನು ನಮ್ಮ ದೇಶದಲ್ಲಿ ರೂಢಿಸಿದ್ದಾರೆ. ಹೀಗಿರುವಾಗ ಹವಳದ ದಿಬ್ಬದಿಂದ ಹಿಡಿದ ಮೀನನ್ನು ಕೊಳ್ಳಲು ನನಗೆ ಯಾವ ಕಾರಣವೂ ಕಾಣಲಿಲ್ಲ.

ಚೀಲದ ನೀರನ್ನು ಅಳೆದರೆ ಲವಣಾಂಶ 28. ರೋಗಾಣುಗಳನ್ನು ಹದ್ದಿನಲ್ಲಿಡಲೆಂದೂ ಉಪ್ಪು ಉಳಿಸಲೆಂದೂ ಅಂಗಡಿಗಳು ಲವಣಾಂಶವನ್ನು ಕಡಿಮೆ ಇಡುತ್ತವೆ. 28ರಿಂದ 35ಕ್ಕೆ ಒಂದೇ ಸಂಜೆಯಲ್ಲಿ ಏರಿಸುವುದು ಮೀನಿನ ದೇಹಕ್ಕೆ ದೊಡ್ಡ ಹೊರೆ. ಅದಕ್ಕಾಗಿ 30 ಲೀಟರಿನ ಬೇರೆ ಡಬ್ಬಿಯಲ್ಲಿ 28ರ ನೀರನ್ನೇ ಸಿದ್ಧಮಾಡಿಟ್ಟಿದ್ದೆ. ಅದರಲ್ಲಿ ಒಂದು ವಾರದಲ್ಲಿ ಮೆಲ್ಲನೆ ಏರಿಸಿ, ಒಟ್ಟು ನಾಲ್ಕು ವಾರ ಪ್ರತ್ಯೇಕವಾಗಿಟ್ಟು, ಬಿಳಿ ಚುಕ್ಕೆಯ ಪರೋಪಜೀವಿ ಇಲ್ಲವೆಂದು ಖಚಿತವಾದ ಮೇಲೆ ದೊಡ್ಡ ತೊಟ್ಟಿಗೆ ಬಿಡುತ್ತೇನೆ. ಅಲ್ಲಿಯವರೆಗೆ ದೊಡ್ಡ ತೊಟ್ಟಿಯ ಬ್ಯಾಕ್ಟೀರಿಯಾಗಳಿಗೆ ನವಸಾಗರದ ಚಿಟಿಕೆ ಮುಂದುವರಿಯುತ್ತದೆ.

ಮೇ 11

ಒಂದು ವಾರದಿಂದ ಮೀನುಗಳು ದೊಡ್ಡ ತೊಟ್ಟಿಯಲ್ಲಿವೆ, ಚೆನ್ನಾಗಿ ತಿನ್ನುತ್ತಿವೆ. ಈಗಿನ ಚಿಂತೆಯೆಲ್ಲ ಬಿಸಿಯದು. ನೀರು 27 ಡಿಗ್ರಿಯ ಸುತ್ತಮುತ್ತ ಇರಬೇಕು. ಬುಧವಾರ ಮಧ್ಯಾಹ್ನ 31.4 ಇತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಮೀನಿಗೆ ಬೇಕಾದದ್ದು ಮಾತ್ರ ಹೆಚ್ಚುತ್ತದೆ.

ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವ ಎರಡು ಚಿಕ್ಕ ಫ್ಯಾನುಗಳನ್ನು ಕಟ್ಟಿದೆ. ರಾತ್ರಿಯೊಳಗೆ ನೀರು 28.3ಕ್ಕೆ ಇಳಿಯಿತು. ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವ ರೀತಿಯೇ ಇದು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಹೊತ್ತೊಯ್ಯುವ ಶಾಖ, ಇಂಥ 150 ಲೀಟರನ್ನು ಸುಮಾರು 4 ಡಿಗ್ರಿ ಇಳಿಸುವಷ್ಟಿರುತ್ತದೆ. ಕೋಣೆಯಿಂದ ಮತ್ತೆ ಶಾಖ ಸೇರುತ್ತಲೇ ಇರುವುದರಿಂದ ಫ್ಯಾನು ನಿಲ್ಲುವಂತಿಲ್ಲ. ದಿನಕ್ಕೆ ಮೂರು ಲೀಟರ್ ಆವಿಯಾಗುತ್ತಿದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದು ಉಪ್ಪಿಲ್ಲದ ನೀರು. ಕೈಯಿಂದ ಮಾಡಿದರೆ ಒಂದು ದಿನದ ಮರೆವು ಲವಣಾಂಶವನ್ನು ಮೇಲೇರಿಸುತ್ತದೆಂದು, ಮಟ್ಟ ಇಳಿದೊಡನೆ ತಾನೇ ತುಂಬಿಸುವ ಫ್ಲೋಟ್ ಸ್ವಿಚ್ಚನ್ನು ಹಾಕಿದ್ದೇನೆ.

ಮೇ 30

ಮುಂಗಾರು 26ರಂದೇ ಮುಂಬಯಿಗೆ ಬಂದಿತು, ವಾಡಿಕೆಯ ಜೂನ್ 11ಕ್ಕೆ ಎರಡು ವಾರಕ್ಕೂ ಹೆಚ್ಚು ಮುಂಚಿತವಾಗಿ. ಊರು ತಣ್ಣಗಾಯಿತು, ತೊಟ್ಟಿ ಬಿಸಿಯಾಯಿತು. ಗಾಳಿಯಲ್ಲಿ ತೇವ ತುಂಬಿಕೊಂಡಿರುವಾಗ ನೀರು ಆವಿಯಾಗುವುದಾದರೂ ಹೇಗೆ? ಫ್ಯಾನುಗಳು ಅದೇ ವೇಗದಲ್ಲಿ ತಿರುಗುತ್ತಿದ್ದರೂ ದಿನಕ್ಕೆ ಮೂರು ಲೀಟರಿದ್ದ ಆವಿ ಒಂದು ಲೀಟರಿಗೆ ಬಂದಿದೆ, ನೀರು ಮತ್ತೆ 30 ಮುಟ್ಟಿದೆ. ಕರಾವಳಿಯ ಊರಿನಲ್ಲಿ ತೊಟ್ಟಿ ಇಡುವವರು ಏಪ್ರಿಲಿನ ಫ್ಯಾನನ್ನು ಜುಲೈಗೆ ನಂಬಿಕೊಳ್ಳಬಾರದು. ನೀರು ತಣಿಸುವ ಯಂತ್ರವಾದ ಚಿಲ್ಲರನ್ನು ಜೂನ್ ಮಧ್ಯದಲ್ಲಿ ಕೊಳ್ಳೋಣವೆಂದಿದ್ದೆ, ನಿನ್ನೆಯೇ ಹೇಳಿಬಂದೆ.

ಜೂನ್ 29

ಚಿಲ್ಲರ್ ಅಡುಗೆಮನೆಯ ಬಾಲ್ಕನಿಯಲ್ಲಿ, ಮಳೆ ಎರಚದ ಮೂಲೆಯಲ್ಲಿ ಕುಳಿತಿದೆ. ಅದು ನೀರಿನಿಂದ ತೆಗೆದ ಶಾಖವನ್ನು ಹೊರಗೆ ಊದುತ್ತದೆ, ಹಾಲಿನಲ್ಲಿಟ್ಟಿದ್ದರೆ ಅದೇ ಶಾಖ ಮತ್ತೆ ತೊಟ್ಟಿಗೆ ಮರಳುತ್ತಿತ್ತು. ಪೈಪನ್ನು ಗೋಡೆಯೊಳಗಿಂದ ಹಾಯಿಸಲು ಒಂದು ಭಾನುವಾರವೇ ಹೋಯಿತು. ಎಲ್ಲ ವಿದ್ಯುತ್ ತಂತಿಗಳನ್ನೂ ಸಾಕೆಟ್ಟಿಗಿಂತ ಕೆಳಗೆ ಇಳಿಸಿ ಮೇಲಕ್ಕೆ ತಂದಿದ್ದೇನೆ, ತೊಟ್ಟಿಕ್ಕುವ ಉಪ್ಪುನೀರು ಆ ಬಾಗಿನಲ್ಲಿಯೇ ನೆಲಕ್ಕೆ ಬೀಳುವಂತೆ. ಆ ಸಾಲಿಗೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂಡ ಬಂದಿದೆ.

ಇಂದಿನ ಅಳತೆಗಳು: 26.8 ಡಿಗ್ರಿ, ಲವಣಾಂಶ 35, ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 10. ಮರಳಿನ ಕಂದು ಪದರ ಹೋಗಿದೆ. ಸ್ಕಿಮ್ಮರಿನ ಬಟ್ಟಲಿನಲ್ಲಿ ಈಗ ಚಹಾದ ಬಣ್ಣದ ದ್ರವ ಸೇರುತ್ತಿದೆ.

ಸಂಜೆ ದೀಪ ಆರಿಸುವ ಮುನ್ನ ಅರ್ಧ ಗಂಟೆ ಎದುರಿಗೆ ಕುಳಿತಿದ್ದೆ. ಕ್ಲೌನ್ ಮೀನುಗಳಲ್ಲಿ ಹುಟ್ಟುವಾಗ ಯಾವುದೂ ಹೆಣ್ಣಾಗಿರುವುದಿಲ್ಲ. ಜೋಡಿಯಲ್ಲಿ ಮೇಲುಗೈಯಾದದ್ದು ಮುಂದೆ ಹೆಣ್ಣಾಗುತ್ತದೆ. ದೊಡ್ಡದು ಎಡಗಡೆಯ ಕಲ್ಲಿನ ಬುಡದಲ್ಲಿ ಬಾಲದಿಂದ ಮರಳನ್ನು ಚಿಮ್ಮಿ ಗುಂಡಿ ಮಾಡುತ್ತಿತ್ತು. ಚಿಕ್ಕದು ಹತ್ತಿರ ಬಂದು, ಒಂದು ಮಗ್ಗುಲಿಗೆ ಓರೆಯಾಗಿ, ತಲೆಯಿಂದ ಬಾಲದವರೆಗೆ ಎರಡು ಕ್ಷಣ ನಡುಗಿತು. ದೊಡ್ಡದು ಬೆನ್ನಟ್ಟಲಿಲ್ಲ. ಎರಡೂ ಗುಂಡಿಯ ಮೇಲೆ ಪಕ್ಕಪಕ್ಕದಲ್ಲಿ ನಿಂತವು.