ಫಿಕ್ಸ್ ಮಾಡುವ ಮೊದಲು ಜೀವಂತ ಕೋಶ ನೋಡಿ

ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆಯೊಂದರ ಸೂಕ್ಷ್ಮದರ್ಶಕ ವಿಭಾಗದಲ್ಲಿ ನನ್ನ ಕೆಲಸ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ, ಅಂದರೆ ನಾವು ಇಆರ್ ಎಂದು ಕರೆಯುವ, ಕೋಶದೊಳಗಿನ ಪೊರೆಜಾಲದ, ಚಿತ್ರ ತೆಗೆಯಲು ಬರುವ ಹೊಸ ವಿದ್ಯಾರ್ಥಿಗಳ ಬಳಿ ನನ್ನದು ಒಂದೇ ಹಠ: ಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿದ, ಅಂದರೆ ಕೋಶವನ್ನು ಕೊಂದು ಇದ್ದಂತೆಯೇ ಸ್ಥಿರಗೊಳಿಸಿದ, ಸ್ಲೈಡ್‌ಗೆ ಕೈಹಾಕುವ ಮೊದಲು ಜೀವಂತ ಕೋಶ ನೋಡಿ.

ಪ್ರಯೋಗಾಲಯದಲ್ಲಿ ಬೆಳೆಸುವ, ಕೋತಿಯ ಮೂತ್ರಪಿಂಡದಿಂದ ಬಂದ ಕಾಸ್-7 ಕೋಶಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಅಂಚು ತೀರಾ ತೆಳು, ಜಾಲ ನಿಚ್ಚಳವಾಗಿ ಕಾಣುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ನೋಡಿದರೆ ಇಆರ್‌ನ ಕೊಳವೆಯೊಂದು ಮೈಕ್ರೊಟ್ಯೂಬ್ಯೂಲ್ ಎಂಬ, ಕೋಶದೊಳಗಿನ ಹಳಿಯಂತಹ ಎಳೆಯನ್ನು ಹಿಡಿದು ಚಾಚಿಕೊಳ್ಳುತ್ತದೆ, ಪಕ್ಕದ ಕೊಳವೆಗೆ ತಾಗುತ್ತದೆ, ಬೆಸೆದುಕೊಳ್ಳುತ್ತದೆ. ಅಲ್ಲೊಂದು ಮೂರು ಕವಲಿನ ಸಂಧಿ ಹುಟ್ಟುತ್ತದೆ. ಅಷ್ಟರಲ್ಲಿ ಆಚೆಯ ಸಂಧಿ ಜಾರಿ ಜಾಲದ ಒಂದು ಕಣ್ಣೇ ಮುಚ್ಚಿಹೋಗುತ್ತದೆ.

ಪೊರೆಯನ್ನು ಬಾಗಿಸಿ ಕೊಳವೆಯಾಗಿಸುವುದು ರೆಟಿಕ್ಯುಲಾನ್‌ನಂತಹ ಪ್ರೋಟೀನುಗಳು. ಬೆಸೆಯುವುದು ಮಾತ್ರ ಕಿಣ್ವದ ಕೆಲಸ. ಎದುರುಬದುರಾದ ಎರಡು ಪೊರೆಗಳಲ್ಲಿರುವ ಅಟ್ಲಾಸ್ಟಿನ್ ಎಂಬ ಜಿಟಿಪೇಸ್ ಅಣುಗಳು ಒಂದನ್ನೊಂದು ಹಿಡಿದುಕೊಂಡು, ಜಿಟಿಪಿ ಎಂಬ ಶಕ್ತಿಯ ಅಣುವನ್ನು ಒಡೆದ ಶಕ್ತಿಯಿಂದ ಆ ಪೊರೆಗಳನ್ನು ಒಂದಾಗಿಸುತ್ತವೆ. ಇದು 2009ರಲ್ಲಿ ಸ್ಪಷ್ಟವಾಯಿತು. ಯೀಸ್ಟ್‌ನಲ್ಲಿ ಇದೇ ಕೆಲಸ ಎಸ್‌ಇವೈ1 ಎಂಬ ಪ್ರೋಟೀನಿನದು. ಪೊರೆ ಎಷ್ಟು ಹರಡಬೇಕೆಂಬುದರಲ್ಲಿ ಲಿಪಿನ್‌ನಂತಹ, ಕೊಬ್ಬು ತಯಾರಿಸುವ ಕಿಣ್ವಗಳ ಕೈಯೂ ಇದೆ.

ಜಿಟಿಪಿ ಹಿಡಿಯಲಾಗದ ರೂಪಾಂತರಿತ ಅಟ್ಲಾಸ್ಟಿನ್ ಇದ್ದ ಕೋಶದ ಚಿತ್ರ ತಂದು, "ಮೇಡಂ, ಕೊಳವೆಗಳು ಜಾಸ್ತಿಯಾಗಿವೆ" ಎಂದಳು ಒಬ್ಬ ವಿದ್ಯಾರ್ಥಿನಿ. ಫಿಕ್ಸ್ ಮಾಡಿದ ಚಿತ್ರದಲ್ಲಿ ಹಾಗೆಯೇ ಕಾಣುತ್ತಿತ್ತು: ಉದ್ದುದ್ದ, ಕವಲಿಲ್ಲದ ಎಳೆಗಳು. ಜೀವಂತ ಕೋಶದಲ್ಲಿ ನೋಡಿದೆವು. ಕೊಳವೆಗಳು ಹತ್ತಿರ ಬರುತ್ತಿದ್ದವು, ಬೆಸೆಯದೆ ಸರಿದುಹೋಗುತ್ತಿದ್ದವು. ಹೆಚ್ಚಿದ್ದು ಕೊಳವೆಯಲ್ಲ, ಕಡಿಮೆಯಾದದ್ದು ಸಂಧಿ. ಅವಳು ಆಮೇಲೆ ಎಣಿಸಿದ್ದು ಸಂಧಿಗಳನ್ನೇ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಚಿತ್ರ ಹೊಳೆಯಲೆಂದು ಲೇಸರ್ ಏರಿಸಬೇಡಿ. ಬೆಳಕಿನ ಹೊಡೆತಕ್ಕೆ ಜಾಲ ಚೂರುಚೂರಾಗುತ್ತದೆ, ಅದನ್ನು ಕಿಣ್ವದ ಪರಿಣಾಮವೆಂದು ಬರೆದುಕೊಳ್ಳುವ ಅಪಾಯವಿದೆ. ಇಆರ್ ಕಾಣಲೆಂದು ಕೋಶಕ್ಕೆ ಸೇರಿಸುವ ಮಿನುಗುವ ಗುರುತು ಪ್ರೋಟೀನ್ ಅತಿಯಾದರೂ ಇಆರ್ ಆಕಾರ ಬದಲಾಗುತ್ತದೆ. ಹಾಗಾಗಿ ಮಂದವಾಗಿ ಹೊಳೆಯುವ ಕೋಶಗಳನ್ನೇ ಆರಿಸಿಕೊಳ್ಳಿ.

ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ಅಟ್ಲಾಸ್ಟಿನ್-1 ಜೀನ್ ಕೆಟ್ಟರೆ ಆನುವಂಶಿಕ ಸ್ಪಾಸ್ಟಿಕ್ ಪ್ಯಾರಾಪ್ಲೀಜಿಯಾ ಬರುತ್ತದೆ. ಎಷ್ಟೋ ಬಾರಿ ಬಾಲ್ಯದಲ್ಲೇ ಕಾಲುಗಳು ಬಿಗಿಯಾಗತೊಡಗುತ್ತವೆ. ಮೆದುಳಿನಿಂದ ಬೆನ್ನುಹುರಿಯ ಕೆಳಭಾಗದವರೆಗೆ ಚಾಚಿದ ನರತಂತುಗಳಿಗೇ ಮೊದಲ ಪೆಟ್ಟು. ಆ ತಂತುಗಳ ಉದ್ದಕ್ಕೂ ಇಆರ್ ಕೊಳವೆಗಳು ಹಾಯ್ದುಹೋಗಿರುತ್ತವೆ.