ಸಾರಿಯಾ ಬಿಟ್ಟು ಫೆರೋಲ್‌ನಿಂದ ನಡೆದೆವು

ಸಂತ ಯಾಕೋಬನ ಚರ್ಚಿರುವ ಸ್ಪೇನಿನ ಸ್ಯಾಂಟಿಯಾಗೊ ಊರಿಗೆ ಕ್ರೈಸ್ತರು ನಡೆದು ಹೋಗುವ ಯಾತ್ರೆಗೆ ಹೋಗೋಣವೆಂದು ಹಟ ಹಿಡಿದವಳು ಸಕಲೇಶಪುರದ ನನ್ನ ನಾದಿನಿ. ಅವಳಿಗೆ ಬೇಕಾಗಿದ್ದದ್ದು ಕೊನೆಯಲ್ಲಿ ಕೊಡುವ ಕಾಂಪೊಸ್ಟೆಲಾ ಎಂಬ ಪ್ರಮಾಣಪತ್ರ. ನನಗೆ ಬೇಕಾಗಿದ್ದದ್ದು ಜನಜಂಗುಳಿಯಿಲ್ಲದ ದಾರಿ. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದವಳು ನಾನು, ಜನಸಾಗರ ನನಗೆ ಹೊಸದಲ್ಲ. ಆದರೆ ಅಲ್ಲಿ ದಾರಿಯುದ್ದಕ್ಕೂ ಯಾರೋ ಮಜ್ಜಿಗೆ ಕೊಡುತ್ತಾರೆ, ಯಾರೋ ಎಲೆ ಹಾಕಿ ಬಡಿಸುತ್ತಾರೆ, ಮಲಗಲು ಶಾಲೆಯ ಜಗಲಿಯಾದರೂ ಸಿಗುತ್ತದೆ. ದುಡ್ಡು ಕೊಟ್ಟು ಸಮುದ್ರ ದಾಟಿ ಹೋಗಿ, ಸಂಜೆಯ ಹಾಸಿಗೆಗಾಗಿ ಬೆಳಗಿನ ಜಾವ ಓಡುವ ಜನರ ನಡುವೆ ಸಿಕ್ಕಿಕೊಳ್ಳುವುದು ಬೇರೆ ಮಾತು.

ನಾದಿನಿ ವಿಚಾರಿಸಿದ ಪ್ರವಾಸ ಸಂಸ್ಥೆಯವರೆಲ್ಲ ಸಾರಿಯಾ ಎಂಬ ಊರನ್ನೇ ಹೇಳಿದರು. ಯಾತ್ರೆಯ ಹಲವು ದಾರಿಗಳಲ್ಲಿ ಅತಿ ಹೆಚ್ಚು ಜನ ನಡೆಯುವ ಫ್ರೆಂಚ್ ದಾರಿಯಲ್ಲಿರುವ ಈ ಊರಿನಿಂದ ಸ್ಯಾಂಟಿಯಾಗೊಗೆ ಸುಮಾರು 115 ಕಿ.ಮೀ. ಪ್ರಮಾಣಪತ್ರಕ್ಕೆ ಕಾಲ್ನಡಿಗೆಯವರು ಕನಿಷ್ಠ 100 ಕಿ.ಮೀ., ಸೈಕಲ್ಲಿನವರು 200 ಕಿ.ಮೀ. ಪೂರೈಸಬೇಕು. ಹಾಗಾಗಿ ರಜೆ ಕಡಿಮೆ ಇರುವವರೆಲ್ಲ ಸಾರಿಯಾದಲ್ಲೇ ಬಂದು ಇಳಿಯುತ್ತಾರೆ. 2024ರಲ್ಲಿ ಈ ಪತ್ರ ಪಡೆದವರು ಐದು ಲಕ್ಷಕ್ಕೆ ಹತ್ತಿರ, ಅವರಲ್ಲಿ ಅತಿ ಹೆಚ್ಚು ಮಂದಿ ನಡಿಗೆ ಶುರುಮಾಡಿದ್ದು ಇಲ್ಲಿಂದಲೇ.

“ಅತ್ತಿಗೆ, ಬೇರೆ ದಾರಿಯಲ್ಲಿ ಹೋದರೆ ಪತ್ರ ಕೊಡುತ್ತಾರೋ ಇಲ್ಲವೋ?” ಇದು ಅವಳ ಒಂದೇ ಪ್ರಶ್ನೆ. ಖಂಡಿತ ಕೊಡುತ್ತಾರೆ. ನಿಯಮ ಕೇಳುವುದು ದೂರವನ್ನು ಮತ್ತು ದಾರಿಯಲ್ಲಿ ಹಾಕಿಸಿಕೊಂಡ ಮುದ್ರೆಗಳನ್ನು, ಸಾರಿಯಾವನ್ನಲ್ಲ. ಹಾಸನದ ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತೆವು. ಲೂಗೊದಿಂದ ಹೊರಡುವ ಪ್ರಿಮಿಟಿವೊ ದಾರಿ ನೂರರ ಗಡಿಯನ್ನು ಅಂಚಿನಲ್ಲಿ ಮುಟ್ಟುತ್ತದೆ. ದಾರಿಯೇನೋ ಚೆಂದ, ಆದರೆ ಮೆಲಿಡೆಯಲ್ಲಿ ಫ್ರೆಂಚ್ ದಾರಿಗೇ ಹೋಗಿ ಕೂಡಿಕೊಳ್ಳುತ್ತದೆ, ಅಂದರೆ ಕೊನೆಯ ಐವತ್ತು ಕಿ.ಮೀ. ಮತ್ತೆ ಅದೇ ಜಾತ್ರೆ. ಔರೆನ್ಸೆಯಿಂದ ಬರುವ ದಾರಿಯೂ ನೂರು ದಾಟುತ್ತದೆ. ನನ್ನ ಕಣ್ಣು ನಿಂತದ್ದು ಉತ್ತರದ ಕರಾವಳಿಯ ಇಂಗ್ಲಿಷ್ ದಾರಿಯ ಮೇಲೆ. ಹಿಂದೆ ಇಂಗ್ಲೆಂಡ್, ಐರ್ಲೆಂಡ್‌ಗಳ ಯಾತ್ರಿಕರು ಹಡಗಿನಿಂದ ಇಳಿದು ನಡೆಯುತ್ತಿದ್ದ ದಾರಿ ಅದು. ಸ್ಯಾಂಟಿಯಾಗೊ ತಲುಪುವವರೆಗೂ ಫ್ರೆಂಚ್ ದಾರಿಯನ್ನು ಅದು ಸೇರುವುದೇ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಈ ದಾರಿಗೆ ಎರಡು ಬಾಯಿ. ಫೆರೋಲ್ ಎಂಬ ಬಂದರಿನಿಂದ ಹೊರಟರೆ 110 ಕಿ.ಮೀ. ದಾಟುತ್ತದೆ. ಕೊರೂನ್ಯಾ ಎಂಬ ಇನ್ನೊಂದು ಬಂದರಿನಿಂದ ಹೊರಟರೆ 75ರ ಆಸುಪಾಸು, ಅಷ್ಟಕ್ಕೇ ಪತ್ರವಿಲ್ಲ. ಐರ್ಲೆಂಡಿನವರು ತಮ್ಮ ನಾಡಿನ ಯಾತ್ರಾಮಾರ್ಗದಲ್ಲಿ ಮೊದಲೇ 25 ಕಿ.ಮೀ. ನಡೆದು ಮುದ್ರೆ ಹಾಕಿಸಿಕೊಂಡು ಬಂದರೆ ಕೊರೂನ್ಯಾದ ದಾರಿಯೂ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಕೇಳಿದ ನಮ್ಮ ಯಜಮಾನರು, “ಹಾಗಾದರೆ ಚಾರ್ಮಾಡಿಯನ್ನು ತೋರಿಸಿ ನೋಡಿ” ಎಂದರು. ಧರ್ಮಸ್ಥಳದ ದಾರಿಗೆ ಮುದ್ರೆ ಎಲ್ಲಿಂದ ತರುವುದು, ಕೊಟ್ಟಿಗೆಹಾರದ ನೀರುದೋಸೆ ಹೋಟೆಲಿನಿಂದಲೇ? ನಾವು ಫೆರೋಲ್‌ಗೇ ಟಿಕೆಟ್ ಮಾಡಿಸಿದೆವು.

ಮುದ್ರೆಯ ವಿಷಯ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜನರಿಲ್ಲದ ದಾರಿಯ ತೊಡಕೆಲ್ಲ ಇದರಲ್ಲೇ ಇದೆ. ಯಾತ್ರಿಕರ ಕೈಯಲ್ಲಿ ಕ್ರೆಡೆನ್ಸಿಯಲ್ ಎಂಬ ಮಡಿಕೆ ಪುಸ್ತಕವಿರುತ್ತದೆ. ಅದರಲ್ಲಿ ದಿನಕ್ಕೆ ಎರಡು ಮುದ್ರೆಯಾದರೂ ಬೀಳಬೇಕು. ಚರ್ಚು, ಕಾಫಿ ಅಂಗಡಿ, ತಂಗುದಾಣ, ಯಾರು ಹಾಕಿದರೂ ಆಗುತ್ತದೆ. ಫ್ರೆಂಚ್ ದಾರಿಯಲ್ಲಿ ಹೆಜ್ಜೆಗೊಂದು ಅಂಗಡಿ. ಇಲ್ಲಿ ಬೆಟಾನ್ಸೊಸ್ ಬಿಟ್ಟು ಬ್ರೂಮಾ ಕಡೆಗೆ ಏರುವಾಗ ಅಂಗಡಿಗಳು ವಿರಳ, ಚರ್ಚಿನ ಬಾಗಿಲಿಗೆ ಬೀಗ. ನಾದಿನಿ ಮುದ್ರೆ ಸಿಕ್ಕಲಿಲ್ಲವೆಂದು ದಾರಿಯುದ್ದಕ್ಕೂ ಪರದಾಡುತ್ತಿದ್ದಳು. ನಾನು ಕಂಡುಕೊಂಡ ಉಪಾಯ ಸರಳ: ಬೆಳಿಗ್ಗೆ ಊರು ಬಿಡುವ ಮುನ್ನ ಕಾಫಿ ಕುಡಿದಲ್ಲಿ ಒಂದು, ರಾತ್ರಿ ತಂಗುವಲ್ಲಿ ಒಂದು. ನಡುವೆ ಸಿಕ್ಕಿದ್ದು ಲಾಭ.

ದಾರಿಯ ಬಗ್ಗೆ ಹೇಳುವುದಾದರೆ, ಪಾಂಟೆಡೆಯುಮೆಯ ಉದ್ದ ಸೇತುವೆ ದಾಟಿದ ಕೂಡಲೇ ಎದುರಾಗುವ ಏರು ಮಂಡಿಯನ್ನು ಪರೀಕ್ಷಿಸುತ್ತದೆ. ಆಮೇಲೆ ನೀಲಗಿರಿ ತೋಪುಗಳು, ಒಂದರ ಹಿಂದೆ ಒಂದು. ನೀಲಗಿರಿ ನೋಡಲು ಹಾಸನದವರು ಸ್ಪೇನಿಗೆ ಹೋಗಬೇಕೆ ಎಂದು ಗೊಣಗಿಕೊಂಡೆ. ಆದರೆ ಬೆಟಾನ್ಸೊಸ್‌ನ ಸ್ಯಾನ್ ಫ್ರಾನ್ಸಿಸ್ಕೊ ಚರ್ಚಿನಲ್ಲಿ ಒಬ್ಬ ಪಾಳೆಯಗಾರನ ಕಲ್ಲಿನ ಸಮಾಧಿಯಿದೆ, ಅದನ್ನು ಹೊತ್ತು ನಿಂತಿರುವುದು ಒಂದು ಕರಡಿ, ಒಂದು ಕಾಡುಹಂದಿ. ಬೇಲೂರು, ಹಳೇಬೀಡುಗಳನ್ನು ನೋಡಿ ಬೆಳೆದ ಕಣ್ಣಿಗೆ ಆ ಕೆತ್ತನೆ ಒರಟು. ಆದರೂ ಆ ಕಾಡುಹಂದಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಅಲ್ಲಿನ ಆಮ್ಲೆಟ್ಟಿಗೆ ಊರಿನ ಹೆಸರೇ ಇದೆ, ಒಳಗೆ ಹಸಿಹಸಿ. ನಾದಿನಿ ಮುಟ್ಟಲಿಲ್ಲ.

ಸ್ಯಾಂಟಿಯಾಗೊದ ಯಾತ್ರಿಕರ ಕಚೇರಿಯಲ್ಲಿ ಮುದ್ರೆಗಳನ್ನು ನೋಡುತ್ತಾರೆ, ನಡೆದ ಉದ್ದೇಶವನ್ನು ಕೇಳುತ್ತಾರೆ. ಧಾರ್ಮಿಕವೋ ಆಧ್ಯಾತ್ಮಿಕವೋ ಆದರೆ ಲ್ಯಾಟಿನ್ ಭಾಷೆಯ ಕಾಂಪೊಸ್ಟೆಲಾ, ಬರೀ ಪ್ರವಾಸವೆಂದರೆ ಬೇರೊಂದು ಪತ್ರ. ಮಂಜುನಾಥನಿಗೆ ಹರಕೆ ಹೊತ್ತು ನಡೆದವರಿಗೆ ಈ ಪ್ರಶ್ನೆ ಕಷ್ಟವೇನಲ್ಲ. ಪತ್ರಕ್ಕೆ ಹಣವಿಲ್ಲ. ಎಷ್ಟು ದೂರ ನಡೆದಿರಿ ಎಂದು ನಮೂದಿಸುವ ಮತ್ತೊಂದು ಪತ್ರ ಬೇಕಿದ್ದರೆ ಅದಕ್ಕೆ ಬೇರೆ ಶುಲ್ಕ. ನಾದಿನಿ ಎರಡನ್ನೂ ತೆಗೆದುಕೊಂಡಳು.

ಹೋಗುವ ಯೋಚನೆಯಿರುವವರಿಗೆ ಇನ್ನೊಂದು ಮಾತು. ಸಂತ ಯಾಕೋಬನ ಹಬ್ಬವಾದ ಜುಲೈ 25 ಭಾನುವಾರ ಬಿದ್ದ ವರ್ಷವನ್ನು ಅವರು ಪವಿತ್ರ ವರ್ಷವೆಂದು ಆಚರಿಸುತ್ತಾರೆ. 2027 ಅಂಥ ವರ್ಷ. ಆಗ ಫೆರೋಲ್ ದಾರಿಯೂ ತುಂಬಬಹುದು. ಬ್ರೂಮಾ ಪುಟ್ಟ ಊರು, ಹಾಸಿಗೆಗಳು ಕಡಿಮೆ. ಅಲ್ಲಿನ ಜಾಗವನ್ನು ಮೊದಲು ಕಾಯ್ದಿರಿಸಿ, ಉಳಿದ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ.